ಲಕ್ವ ಹೊಡೆದು ಮಾತು ನಿಂತವರಿಗೆ ಹಾಡಿನ ಮೂಲಕ ಮಾತು ಕಲಿಸುವ ಕ್ರಮ

ಇದನ್ನು ಮನೆಯವರಿಗಾಗಿ ಬರೆಯುತ್ತಿದ್ದೇನೆ. ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರು ನಿಮ್ಮಲ್ಲಿದ್ದಾರೆ ಎಂದುಕೊಳ್ಳಿ. ಬಲಗೈ, ಬಲಗಾಲು ಸೋತಿವೆ. ನೀವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಆದರೆ ನೀರು ಕೇಳಲು ಬಾಯಿ ತೆರೆದರೆ 'ಅ... ಅ...' ಎಂದು ಅಲ್ಲೇ ನಿಲ್ಲುತ್ತಾರೆ, ಹಣೆ ಗಂಟಿಕ್ಕುತ್ತಾರೆ, ಕೊನೆಗೆ ಕೈಬೀಸಿ ಸುಮ್ಮನಾಗುತ್ತಾರೆ. ಇದಕ್ಕೆ ಡಾಕ್ಟರು ಅಫೇಸಿಯಾ ಎನ್ನುತ್ತಾರೆ. ಅದರಲ್ಲೂ ಈ ಬಗೆಯದಕ್ಕೆ ಹಾಡಿನ ಅಭ್ಯಾಸ ನಿಜವಾಗಿ ಕೆಲಸಕ್ಕೆ ಬರುತ್ತದೆ.

ನಾನು ಸಾಗರದಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುವವಳು, ವೈದ್ಯಳಲ್ಲ. ನಮ್ಮ ಭಾವ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರಿಗೆ ಹೀಗಾದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಸ್ಪೀಚ್ ಥೆರಪಿಸ್ಟ್ ಒಬ್ಬರು ಕ್ರಮವನ್ನು ತೋರಿಸಿಕೊಟ್ಟರು. ದಿನಾ ಕೂತು ಮಾಡಿಸಿದವಳು ಅಕ್ಕ. ಸ್ವರ, ಲಯದ ವಿಷಯ ಬಂದಾಗ ನಾನು ಜೊತೆಗಿದ್ದೆ. ಆಮೇಲೆ ಬೇರೆ ಮನೆಗಳವರೂ ಕೇಳಿಕೊಂಡು ಬಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಇದು ಅವರಿಗೆ ಒಗ್ಗುತ್ತದೆಯೇ ನೋಡಿ

ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ, ಅರ್ಥ ಮಾಡಿಕೊಳ್ಳುವ ಶಕ್ತಿ ಚೆನ್ನಾಗಿ ಉಳಿದು, ಮಾತು ಹೊರಡುವುದು ಮಾತ್ರ ಕಷ್ಟವಾದವರಿಗೆ ಇದು ಹೇಳಿ ಮಾಡಿಸಿದ ಅಭ್ಯಾಸ. ಕೆಲವರಲ್ಲಿ ಇದರ ತಿರುವುಮುರುವು ಇರುತ್ತದೆ: ಮಾತು ಸರಾಗವಾಗಿ ಬರುತ್ತದೆ, ಆದರೆ ಅದಕ್ಕೆ ತಲೆಬುಡ ಇರುವುದಿಲ್ಲ, ಎದುರಿನವರ ಮಾತೂ ತಿಳಿಯುವುದಿಲ್ಲ. ಅವರಿಗೆ ಇದು ಅಷ್ಟಾಗಿ ಫಲ ಕೊಡುವುದಿಲ್ಲ, ಬೇರೆ ಥೆರಪಿ ಬೇಕು. ಯಾವ ಬಗೆ ಎಂದು ನೀವೇ ತೀರ್ಮಾನಿಸಬೇಡಿ. ನರರೋಗ ತಜ್ಞರು, ಸ್ಪೀಚ್ ಥೆರಪಿಸ್ಟ್ ಒಂದು ಸಲವಾದರೂ ನೋಡಲೇಬೇಕು. ನುಂಗುವುದು ಸರಿಯಿದೆಯೇ ಎಂಬುದನ್ನೂ ಅವರಿಂದಲೇ ಪರೀಕ್ಷೆ ಮಾಡಿಸಿ. ಮೈಸೂರಿನ ಆ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಎರಡೂ ಸರ್ಕಾರದ್ದು, ನಮ್ಮಂಥವರ ಕೈಗೆ ಎಟುಕುತ್ತವೆ.

ಮಾತು ಬಾರದವರಿಗೆ ಹಾಡು ಹೇಗೆ ಬರುತ್ತದೆ?

ಪಾಲ್ ಬ್ರೋಕಾ ಎಂಬ ಫ್ರೆಂಚ್ ವೈದ್ಯ 1861ರಲ್ಲಿ ಒಬ್ಬ ರೋಗಿಯ ವಿಷಯ ಪ್ರಕಟಿಸಿದ. ಆ ರೋಗಿ ಏನೇ ಕೇಳಿದರೂ 'ಟಾನ್' ಎಂದಷ್ಟೇ ಹೇಳುತ್ತಿದ್ದ. ಸತ್ತ ಮೇಲೆ ನೋಡಿದರೆ ಮಿದುಳಿನ ಎಡಭಾಗದ ಮುಂದಿನ ಒಂದು ಜಾಗ ಹಾಳಾಗಿತ್ತು. ಮಾತನ್ನು ಜೋಡಿಸಿ ಹೊರಡಿಸುವ ಕೆಲಸ ಹೆಚ್ಚಿನವರಲ್ಲಿ ಆ ಜಾಗದ್ದು ಎಂದು ಆಗ ಗೊತ್ತಾಯಿತು. ಅದಕ್ಕೂ ಮುಂಚೆಯೇ, 18ನೇ ಶತಮಾನದ ಸ್ವೀಡನ್ನಿನಲ್ಲಿ, ಬಲಭಾಗಕ್ಕೆ ಲಕ್ವ ಹೊಡೆದು ಮಾತು ಹೋದ ಮನುಷ್ಯನೊಬ್ಬ ಚರ್ಚಿನ ಪ್ರಾರ್ಥನಾ ಗೀತೆಗಳನ್ನು ಮಾತ್ರ ಸ್ಪಷ್ಟವಾಗಿ ಹಾಡುತ್ತಿದ್ದ ಎಂಬ ದಾಖಲೆ ಇದೆ.

ಹಾಡುವಾಗ ಮಿದುಳಿನ ಎರಡೂ ಭಾಗ ಕೆಲಸ ಮಾಡುತ್ತವೆ. ಸ್ವರದ ಏರಿಳಿತವನ್ನು ನೋಡಿಕೊಳ್ಳುವುದರಲ್ಲಿ ಬಲಭಾಗದ ಪಾಲು ದೊಡ್ಡದು, ಅದಕ್ಕೆ ಪೆಟ್ಟಾಗಿರುವುದಿಲ್ಲ. ಆಗುಂಬೆ ಘಾಟಿ ಕುಸಿದು ಮುಚ್ಚಿದಾಗ ಹುಲಿಕಲ್ ಘಾಟಿ ಬಳಸಿ ಇಳಿಯುವ ಹಾಗೆ, ಮಾತನ್ನು ಆ ಕಡೆಯಿಂದ ತರಲಾದೀತೇ ಎಂದು ಯೋಚಿಸಿದವರು ಬಾಸ್ಟನ್ನಿನ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್ ಮತ್ತು ನ್ಯಾನ್ಸಿ ಹೆಲ್ಮ್. 1973ರಲ್ಲಿ ಅವರು ಪ್ರಕಟಿಸಿದ ಕ್ರಮಕ್ಕೆ ಮೆಲೊಡಿಕ್ ಇಂಟೊನೇಶನ್ ಥೆರಪಿ ಎಂದು ಹೆಸರು. ಗಾಟ್‌ಫ್ರೀಡ್ ಶ್ಲಾಗ್ ಅವರ ತಂಡ ಈ ಥೆರಪಿ ಪಡೆದ 6 ಜನರ ಮಿದುಳನ್ನು ಮೊದಲೂ ಆಮೇಲೂ ಸ್ಕ್ಯಾನ್ ಮಾಡಿ 2009ರಲ್ಲಿ ಫಲಿತಾಂಶ ಕೊಟ್ಟಿತು. ಕೇಳಿಸಿಕೊಳ್ಳುವ ಜಾಗಕ್ಕೂ ನುಡಿಯುವ ಜಾಗಕ್ಕೂ ನಡುವೆ ಹಾದುಹೋಗುವ ನರತಂತುಗಳ ಒಂದು ಕಟ್ಟು ಬಲಭಾಗದಲ್ಲಿ ಬೆಳೆದಿತ್ತು. ಆ 6 ಜನಕ್ಕೂ ಕನಿಷ್ಠ 75 ಪಾಠಗಳಾಗಿದ್ದವು. ಈ 75 ಎಂಬ ಸಂಖ್ಯೆಯನ್ನು ನೆನಪಿಡಿ. ಹತ್ತು ದಿನ ಮಾಡಿಸಿ 'ಏನೂ ಆಗಲಿಲ್ಲ' ಎಂದು ಬಿಟ್ಟುಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗೊತ್ತಿರುವ ಹಾಡು ಹಾಡಿಸಿದರೆ ಸಾಲದು

ಮೊದಲ ದಿನ ಅವರಿಗೆ ಚಿಕ್ಕಂದಿನಿಂದ ಬಾಯಿಪಾಠ ಇರುವ ಒಂದು ದೇವರನಾಮ ಅಥವಾ ಶಾಲೆಯಲ್ಲಿ ಕಲಿತ ಪದ್ಯ ಶುರುಮಾಡಿ, ಅವರೂ ದನಿಗೂಡಿಸುತ್ತಾರೋ ನೋಡಿ. ಬಹಳ ಜನ ಸೇರಿಕೊಳ್ಳುತ್ತಾರೆ. ಭಾವ ಒಂದು ದಾಸರ ಪದದ ಪಲ್ಲವಿಯನ್ನು ಪೂರ್ತಿ ಹಾಡಿದರು, ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಟಲು, ನಾಲಿಗೆ, ತುಟಿ ನೆಟ್ಟಗಿವೆ ಎಂಬ ಧೈರ್ಯ ಇಬ್ಬರಿಗೂ ಬರುತ್ತದೆ. ಈ ಧೈರ್ಯ ಬಹಳ ಬೆಲೆಯುಳ್ಳದ್ದು.

ಆದರೆ ಬಾಯಿಪಾಠದ ಹಾಡು ಬಾಯಿಪಾಠವಾಗಿಯೇ ಉಳಿಯುತ್ತದೆ. ನೂರು ಸಲ ದೇವರನಾಮ ಹಾಡಿದರೂ ನೀರು ಬೇಕಾದಾಗ ಅದರೊಳಗಿನ ಪದ ಕಳಚಿ ಬರುವುದಿಲ್ಲ. ಆದ್ದರಿಂದ ದಿನಕ್ಕೆ ಬೇಕಾದ ಮಾತನ್ನೇ ಹಾಡಾಗಿ ಮಾಡಬೇಕು. ಇಡೀ ಅಭ್ಯಾಸದ ತಿರುಳು ಇದೇ.

ಮಾತನ್ನು ಆರಿಸಿ, ಮಾತ್ರೆ ಎಣಿಸಿ

ಎಂಟು ಹತ್ತು ಮಾತು ಸಾಕು. ಪಟ್ಟಿಯನ್ನು ನಿಮ್ಮ ಅನುಕೂಲಕ್ಕೆ ಮಾಡಬೇಡಿ, ಅವರು ಏನು ಹೇಳಲು ಒದ್ದಾಡುತ್ತಿದ್ದಾರೆ ಎಂದು ನೋಡಿ ಮಾಡಿ. ಥೆರಪಿಸ್ಟ್ ಕೇಳಿದಾಗ ಅಕ್ಕ 'ಗುಳಿಗೆ ಕೊಡು', 'ಬಚ್ಚಲಿಗೆ ಹೋಗ್ಬೇಕು' ಎಂದೆಲ್ಲ ಬರೆಸಿದಳು. ಭಾವ ಎಡಗೈಯನ್ನು ತುಟಿಯ ಹತ್ತಿರ ತಂದು ತೋರಿಸುತ್ತಲೇ ಇದ್ದರು. ಅವರಿಗೆ ಬೇಕಾಗಿದ್ದ ಮಾತು 'ಕವಳ ಕೊಡು'. ಕವಳ ಎಂದರೆ ನಮ್ಮ ಕಡೆ ಎಲೆಅಡಿಕೆ, ಅದನ್ನು ಡಾಕ್ಟರು ಬಿಡಿಸಿಬಿಟ್ಟಿದ್ದರು. ಆದರೂ ಆ ಮಾತನ್ನು ಪಟ್ಟಿಗೆ ಸೇರಿಸಿದೆವು, ಉತ್ತರಕ್ಕೆ ಅಕ್ಕ 'ಕವಳ ಬೇಡ' ಎಂದು ಹಾಡಬೇಕು ಎಂದು ಗೊತ್ತುಮಾಡಿದೆವು. ಉಳಿದೆಲ್ಲಕ್ಕಿಂತ ಮೊದಲು ಬಂದ ಮಾತು ಅದೇ. ಬೇಕು ಎನ್ನುವ ಆಸೆ ಇರುವ ಮಾತಿಗೆ ಬಲ ಜಾಸ್ತಿ.

ಇನ್ನು ಮಾತ್ರೆ. ಹೈಸ್ಕೂಲಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿದ್ದು ನೆನಪಿರಬೇಕು. ಅದು ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. 'ನೀರು ಬೇಕು' ಎನ್ನುವುದರಲ್ಲಿ ಮೂರು, ಮತ್ತೆ ಮೂರು. ತಕಿಟ ತಕಿಟ. 'ಊಟ ಆಯ್ತು', 'ಸಾಕು ಸಾಕು' ಕೂಡ ಹಾಗೆಯೇ. 'ತಲೆ ನೋವು' ಎಂದರೆ ಎರಡು, ಆಮೇಲೆ ಮೂರು: ತಕ ತಕಿಟ. 'ಫ್ಯಾನ್ ಹಾಕು' ಕೂಡ ಅದೇ ಅಳತೆ. 'ಕವಳ ಕೊಡು' ಅದರ ತಿರುವು, ತಕಿಟ ತಕ. 'ಕಾಫಿ ಕೊಡು' ಕೂಡ ಹೀಗೇ. ಒಂದೇ ಅಳತೆಯ ಮಾತುಗಳನ್ನು ಒಟ್ಟಿಗೆ ಕಲಿಸಿ. ಒಂದು ಕೂತರೆ ಇನ್ನೊಂದಕ್ಕೆ ಅದೇ ನಡೆ ಸಿಗುತ್ತದೆ.

ಸ್ವರಕ್ಕೆ ಎರಡೇ ಸ್ಥಾನ ಸಾಕು. ಷಡ್ಜ, ಮತ್ತು ಅದರ ಮೇಲೆ ಸಾಧಾರಣ ಗಾಂಧಾರ. ಖರಹರಪ್ರಿಯದ ಗಾಂಧಾರ ಎಂದರೆ ಕಲಿತವರಿಗೆ ತಿಳಿಯುತ್ತದೆ. ಕಲಿಯದವರು ಒಂದು ದನಿ ಕೆಳಗೆ, ಒಂದು ಸ್ವಲ್ಪ ಮೇಲೆ ಎಂದಿಟ್ಟುಕೊಳ್ಳಿ. ನಾವು ಗುರು ಬಂದಲ್ಲಿ ಮೇಲಿನದು, ಲಘು ಬಂದಲ್ಲಿ ಕೆಳಗಿನದು ಎಂದು ಮಾಡಿಕೊಂಡೆವು: 'ನೀ' ಮೇಲೆ, 'ರು' ಕೆಳಗೆ, 'ಬೇ' ಮೇಲೆ, 'ಕು' ಕೆಳಗೆ. ಎಲ್ಲ ಲಘುವೇ ಆದರೆ ಪ್ರತಿ ಪದದ ಮೊದಲ ಅಕ್ಷರ ಮೇಲೆ. ಶ್ರುತಿ ಅವರು ಮಾತಾಡುತ್ತಿದ್ದ ದನಿಗೆ ಹತ್ತಿರವಿರಲಿ. ಹೆಂಗಸರು ತಮ್ಮ ಶ್ರುತಿಗೆ ಹಾಡಿ ಗಂಡಸರನ್ನು ಅಲ್ಲಿಗೆ ಎಳೆದರೆ ಅವರ ಗಂಟಲು ಬಿಗಿಯುತ್ತದೆ.

ಕೂರಿಸುವುದು, ಕೈ ಹಿಡಿಯುವುದು

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎದುರಿಗೆ ನೀವು ಕೂರಿ. ನಿಮ್ಮ ಬಾಯಿ ಅವರಿಗೆ ಕಾಣಬೇಕು, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಟಿವಿ ಆಫ್ ಮಾಡಿ. ಕಿವಿಗೆ ಮಿಷನ್ ಇದ್ದರೆ ಹಾಕಿಸಿ.

ಅವರ ಎಡಗೈಯನ್ನು ನಿಮ್ಮ ಕೈಯಲ್ಲಿ ಹಿಡಿದು, ಒಂದು ಅಕ್ಷರಕ್ಕೆ ಒಂದು ಸಲ ಮೇಜಿಗೆ ಅಥವಾ ತೊಡೆಗೆ ಮೆತ್ತಗೆ ತಟ್ಟಿಸಿ. ಎಡಗೈಯನ್ನು ಆಡಿಸುವುದು ಮಿದುಳಿನ ಬಲಭಾಗ, ಕೈಯ ಚಲನೆಗೂ ಬಾಯಿಯ ಚಲನೆಗೂ ಅಲ್ಲಿ ಹತ್ತಿರದ ನಂಟಿದೆ ಎಂದು ಥೆರಪಿಸ್ಟ್ ವಿವರಿಸಿದರು. ವೇಗ ಸೆಕೆಂಡಿಗೆ ಸುಮಾರು ಒಂದು ಅಕ್ಷರ. ಅಷ್ಟು ನಿಧಾನವೇ ಎಂದು ನಿಮಗೆ ಅನಿಸುತ್ತದೆ. ಹೌದು, ಅಷ್ಟೇ ನಿಧಾನ.

ಒಂದು ಮಾತನ್ನು ಕಲಿಸುವ ಹಂತಗಳು

'ನೀರು ಬೇಕು' ಎನ್ನುವುದನ್ನೇ ತೆಗೆದುಕೊಳ್ಳೋಣ. ಒಂದು ಲೋಟ ನೀರು ಎದುರಿಗಿಡಿ. ಮೊದಲು ಬಾಯಿ ಮುಚ್ಚಿ ಆ ಧಾಟಿಯನ್ನು 'ಹ್ಞೂಂ' ಎಂದು ಗುನುಗಿ, ಕೈ ತಟ್ಟಿಸುತ್ತಿರಿ. ಅವರು ಕೇಳುತ್ತಿದ್ದರೆ ಸಾಕು. ಎರಡು ಮೂರು ಸಲವಾದ ಮೇಲೆ ಅವರೂ ಗುನುಗಲಿ. ಆಮೇಲೆ ಅಕ್ಷರ ಹಾಕಿ ಇಬ್ಬರೂ ಒಟ್ಟಿಗೆ ಹಾಡಿ. ಮೊದಮೊದಲು 'ಈ-ಉ-ಏ-ಉ' ಎಂದು ಸ್ವರಾಕ್ಷರಗಳಷ್ಟೇ ಬರಬಹುದು. ತಿದ್ದಬೇಡಿ, ಅದೇ ಅಳತೆಯಲ್ಲಿ ಮತ್ತೆ ಹಾಡಿ. ವ್ಯಂಜನ ತಾನಾಗಿ ಸೇರಿಕೊಳ್ಳುತ್ತದೆ.

ಒಟ್ಟಿಗೆ ಹಾಡುವುದು ಸಲೀಸಾದ ಮೇಲೆ ಅರ್ಧದಲ್ಲಿ ನಿಮ್ಮ ದನಿ ಇಳಿಸಿ. 'ನೀರು' ಇಬ್ಬರೂ ಹಾಡಿ, 'ಬೇಕು' ಅವರಿಗೆ ಬಿಡಿ. ಕೈ ಮಾತ್ರ ನಿಲ್ಲಿಸಬೇಡಿ. ಅವರು ಮುಗ್ಗರಿಸಿದರೆ 'ಬೇ' ಎನ್ನುವಂತೆ ತುಟಿ ಕೂಡಿಸಿ ತೋರಿಸಿದರೂ ಎಷ್ಟೋ ಸಲ ಸಾಕಾಗುತ್ತದೆ. ಮುಂದಿನದು, ನೀವು ಪೂರ್ತಿ ಹಾಡಿ ನಿಲ್ಲಿಸುವುದು, ಅವರೊಬ್ಬರೇ ಹಾಡುವುದು. ಅದಾದ ತಕ್ಷಣ 'ಏನು ಬೇಕು?' ಎಂದು ಅದೇ ರಾಗದಲ್ಲಿ ಕೇಳಿ. 'ನೀರು' ಎಂದೋ 'ನೀರು ಬೇಕು' ಎಂದೋ ಹಾಡಿದರೆ ಲೋಟ ಕೈಗೆ ಕೊಡಿ. ನುಂಗಲು ತೊಂದರೆ ಇರುವವರಿಗೆ ಡಾಕ್ಟರು ಹೇಳಿದ ರೀತಿಯಲ್ಲೇ ಕುಡಿಸಬೇಕು.

ಒಂದು ಹಂತದಲ್ಲಿ ಮೂರು ನಾಲ್ಕು ಸಲ ತಪ್ಪಿದರೆ ಹಿಂದಿನ ಹಂತಕ್ಕೆ ಹೋಗಿ, ಅಲ್ಲಿ ಒಂದು ಸಲ ಸರಿಯಾಗಿ ಹಾಡಿಸಿ ಆ ಮಾತನ್ನು ಅಂದಿಗೆ ಬಿಡಿ. ಸೋಲಿನಲ್ಲಿ ಪಾಠ ಮುಗಿಯಬಾರದು. ಸಣ್ಣ ಮಕ್ಕಳಿಗೆ ಪಾಠ ಹೇಳುವಾಗಲೂ ನಾನು ಈ ನಿಯಮ ಮುರಿಯುವುದಿಲ್ಲ.

ಹಾಡನ್ನು ಬಿಡಿಸುವುದು

ಹೆಚ್ಚಿನ ಮನೆಗಳಲ್ಲಿ ಅಭ್ಯಾಸ ಇಲ್ಲಿಗೆ ನಿಂತುಬಿಡುತ್ತದೆ. ಹಾಡಿನಲ್ಲಿ ಮಾತು ಬಂತಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅವರು ಜೀವನಪೂರ್ತಿ ನೀರನ್ನು ಹಾಡಿ ಕೇಳಬೇಕೇ? ಹಾಡಿನಿಂದ ಮಾತಿಗೆ ದಾಟಿಸುವುದೇ ದೊಡ್ಡ ಕೆಲಸ, ಇದಕ್ಕೇ ಹೆಚ್ಚು ದಿನ ಹಿಡಿಯುತ್ತದೆ.

ಮೊದಲು ಕಾಯಿಸಿ. ನೀವು ಹಾಡಿ ಮುಗಿಸಿದ ಮೇಲೆ ಐದಾರು ಸೆಕೆಂಡ್ ಸುಮ್ಮನಿದ್ದು, ಆಮೇಲೆ ಅವರಿಗೆ ಸನ್ನೆ ಕೊಡಿ. ನಿಮ್ಮ ದನಿಯ ಗುಂಗು ಆರುವಷ್ಟು ಹೊತ್ತು ಬಿಟ್ಟರೆ ಅವರೇ ಮಾತನ್ನು ಹುಡುಕಿ ತರಬೇಕಾಗುತ್ತದೆ. ಇದು ಬಂದ ಮೇಲೆ ಸ್ವರ ತೆಗೆಯಿರಿ, ಲಯ ಇರಲಿ. ಮಗ್ಗಿ ಒಪ್ಪಿಸುವ ಧಾಟಿ ಇದೆಯಲ್ಲ, ರಾಗವಿಲ್ಲದೆ ಏರಿಳಿತ ಮಾತ್ರ ಇರುವುದು, ಆ ಧಾಟಿಯಲ್ಲಿ 'ನೀರು ಬೇಕು' ಹೇಳಿಸಿ. ಆಮೇಲೆ ಆ ಏರಿಳಿತವನ್ನೂ ಕಡಿಮೆ ಮಾಡುತ್ತ ದಿನದ ಮಾತಿನ ವೇಗಕ್ಕೆ ತನ್ನಿ. ಕೈ ತಟ್ಟುವುದನ್ನು ಎಲ್ಲಕ್ಕಿಂತ ಕೊನೆಗೆ ಬಿಡಿಸಿ. ಬಿಡದೆ ಹೋದರೂ ಚಿಂತೆಯಿಲ್ಲ, ತೊಡೆಯ ಮೇಲೆ ಬೆರಳು ಆಡಿಸಿಕೊಂಡು ಮಾತಾಡಿದರೆ ಯಾರಿಗೇನು?

ಅದರ ಜೊತೆಗೇ ಕೇಳುವವರನ್ನು ಬದಲಿಸಿ. ಅಕ್ಕ ಎದುರಿಗೆ ಕೂತಾಗ ಸಲೀಸಾಗಿ ಬರುತ್ತಿದ್ದ ಮಾತು ಮೊಮ್ಮಗ ಕೇಳಿದರೆ ಬರುತ್ತಿರಲಿಲ್ಲ. ಆಗ ಮೊಮ್ಮಗನಿಂದಲೇ 'ಏನು ಬೇಕು ಅಜ್ಜ?' ಎಂದು ಕೇಳಿಸಲು ಶುರುಮಾಡಿದೆವು. ಮೇಜಿನ ಹತ್ತಿರ ಬಂದದ್ದನ್ನು ಜಗಲಿಯಲ್ಲಿ ಕೇಳಿ, ಮಂಚದ ಮೇಲೆ ಕೇಳಿ, ಕೊನೆಗೆ ಫೋನಿನಲ್ಲಿ ಕೇಳಿ. ಒಂದು ಸಂಜೆ ಅಕ್ಕ ಒಳಗೆ ದೋಸೆಗೆ ರುಬ್ಬುತ್ತಿದ್ದಳು. ಜಗಲಿಯ ಕುರ್ಚಿಯಲ್ಲಿದ್ದ ಭಾವನ ಎಡಗೈ ಬೆರಳು ಕುರ್ಚಿಯ ಕೈಮೇಲೆ ಆಡುತ್ತಿರುವುದು ನನಗೆ ಕಾಣುತ್ತಿತ್ತು. ನಾಲ್ಕು ಸಲ ತಟ್ಟಿದರು, ನಿಲ್ಲಿಸಿದರು, ಮತ್ತೆ ನಾಲ್ಕು ಸಲ. ಆಮೇಲೆ ದನಿ ಎತ್ತಿ, 'ಇವಳೇ, ಕಾಫಿ ಕೊಡು' ಎಂದರು. 'ಕಾಫಿ ಕೊಡು' ನಾವು ಕಲಿಸಿದ್ದು. 'ಇವಳೇ' ಎಂದು ನಾವು ಯಾರೂ ಹಾಡಿಸಿರಲಿಲ್ಲ. ಮದುವೆಯಾದಾಗಿನಿಂದ ಅವರು ಅಕ್ಕನನ್ನು ಕರೆಯುತ್ತಿದ್ದದ್ದು ಹಾಗೆ.

'ನನಗೆ ಹಾಡಲು ಬರುವುದಿಲ್ಲ' ಎನ್ನುವವರಿಗೆ

ನಮ್ಮಕ್ಕನಿಗೆ ಶ್ರುತಿ ನಿಲ್ಲುವುದಿಲ್ಲ, ಲಯ ಮಾತ್ರ ಗಟ್ಟಿ. ಅಷ್ಟೇ ಸಾಕಾಯಿತು. ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಬೆಂಜಮಿನ್ ಸ್ಟಾಲ್ ಮತ್ತು ಸಂಗಡಿಗರು 17 ಜನ ರೋಗಿಗಳನ್ನು ಪರೀಕ್ಷಿಸಿ 2011ರಲ್ಲಿ ಬರೆದದ್ದೂ ಇದನ್ನೇ: ಹಾಡಿನಿಂದ ಬಂತು ಎಂದು ನಾವು ತಿಳಿದಿರುವ ಲಾಭದಲ್ಲಿ ರಾಗಕ್ಕಿಂತ ಲಯದ ಪಾಲು ಹೆಚ್ಚಿರಬಹುದು, ಜೊತೆಗೆ ಬಾಯಿಗೆ ರೂಢಿಯಾದ ಸಿದ್ಧ ಮಾತುಗಳ ಪಾಲು ದೊಡ್ಡದು. ರಾಗವೋ ಲಯವೋ ಎಂಬ ಚರ್ಚೆ ಸಂಶೋಧಕರಲ್ಲಿ ಇನ್ನೂ ಮುಗಿದಿಲ್ಲ. ಮಾಡಿಸುವವರಿಗೆ ಇದರಿಂದ ಆಗುವ ಅನುಕೂಲ ಇಷ್ಟು: ಕಂಠ ಹೇಗೇ ಇರಲಿ, ತಟ್ಟುವ ಕೈ ತಪ್ಪದಿದ್ದರೆ ಅಭ್ಯಾಸ ನಡೆಯುತ್ತದೆ.

ಎಷ್ಟು ಹೊತ್ತು, ಏನು ಎಚ್ಚರ

ಥೆರಪಿ ಕೇಂದ್ರಗಳಲ್ಲಿ ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ 5 ದಿನ ಮಾಡಿಸಿದ ಉದಾಹರಣೆ ಇದೆ. ಮನೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆಯಿಂದ ಶುರುಮಾಡಿ. ಮಿದುಳಿಗೆ ಪೆಟ್ಟಾದವರ ಆಯಾಸ ನಾವು ಊಹಿಸುವುದಕ್ಕಿಂತ ಹೆಚ್ಚು. ಕಣ್ಣು ಜೋತುಬಿದ್ದರೆ ನಿಲ್ಲಿಸಿ. ಹಾಡುವಾಗ ಅಳು ಉಕ್ಕಿಬಂದರೆ ಗಾಬರಿ ಬೇಡ, ಸ್ಟ್ರೋಕ್ ಆದವರಲ್ಲಿ ಅಳು, ನಗು ಹಿಡಿತ ತಪ್ಪುವುದು ಸಾಮಾನ್ಯ. ಆದರೆ ದಿನವಿಡೀ ಮಂಕಾಗಿದ್ದು ಊಟ, ನಿದ್ದೆ ಬಿಟ್ಟರೆ ಡಾಕ್ಟರಿಗೆ ಹೇಳಿ, ಅದಕ್ಕೆ ಔಷಧ ಇದೆ. ಅಪರೂಪಕ್ಕೆ ಕೆಲವರಿಗೆ ಸಂಗೀತದಿಂದಲೇ ಫಿಟ್ಸ್ ಬರುವುದುಂಟು. ಹಾಡುವಾಗ ದೃಷ್ಟಿ ನೆಟ್ಟು, ಕರೆದರೆ ಓಗೊಡದೆ, ಬಾಯಿ ಚಪ್ಪರಿಸುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ ತಜ್ಞರ ಹತ್ತಿರ ಹೋಗಿ. ಗುಳಿಗೆ, ಫಿಜಿಯೋ ಯಾವುದನ್ನೂ ಹಾಡಿನ ಹೆಸರಿನಲ್ಲಿ ಬಿಡಿಸಬೇಡಿ.

ಬರೀ ಕೇಳುವುದರಿಂದ ಪ್ರಯೋಜನವಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇದೆ. ಫಿನ್ಲೆಂಡಿನ ಟೆಪ್ಪೊ ಸಾರ್ಕಾಮೊ ತಂಡ 60 ಜನ ಸ್ಟ್ರೋಕ್ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಅವರಿಷ್ಟದ ಸಂಗೀತ, ಇನ್ನೊಂದಕ್ಕೆ ಪುಸ್ತಕ ಓದಿದ ಧ್ವನಿಮುದ್ರಣ ಕೊಟ್ಟು, ಎರಡು ತಿಂಗಳು ದಿನಕ್ಕೆ ಒಂದು ಗಂಟೆಯಾದರೂ ಕೇಳಿಸಿತು. ಮೂರನೆಯ ಗುಂಪಿಗೆ ಏನೂ ಇಲ್ಲ. ಸಂಗೀತ ಕೇಳಿದವರಲ್ಲಿ ಪದಗಳ ನೆನಪು, ಗಮನ ಹೆಚ್ಚು ಸುಧಾರಿಸಿತ್ತು ಎಂದು 2008ರಲ್ಲಿ ಪ್ರಕಟವಾಯಿತು. ಮಧ್ಯಾಹ್ನ ಮಲಗಿದ್ದಾಗ ಅವರಿಗಿಷ್ಟವಾದದ್ದನ್ನು ಹಾಕಿಡಿ. ಆದರೆ ಹಾಡಿಸುವ ಹೊತ್ತನ್ನು ಕೇಳಿಸುವುದಕ್ಕೆ ಕೊಡಬೇಡಿ.

ಪಾರ್ಕಿನ್ಸನ್ ಇದ್ದವರ ನಡಿಗೆಗೆ

ಇದು ಬೇರೆ ಕಾಯಿಲೆ, ಬೇರೆ ಕ್ರಮ. ಆದರೆ ಕೇಳುವವರು ಬಹಳ ಇದ್ದಾರೆ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗಿ, ಹೆಜ್ಜೆಯ ಕಾಲವನ್ನು ಒಳಗಿನಿಂದ ನಡೆಸುವ ವ್ಯವಸ್ಥೆ ದುರ್ಬಲವಾಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ. ಹೊರಗಿನಿಂದ ತಾಳ ಸಿಕ್ಕರೆ ಕಾಲು ಅದನ್ನು ಹಿಡಿದುಕೊಂಡು ನಡೆಯುತ್ತದೆ. ಅಮೆರಿಕದ ಮೈಕೆಲ್ ಟೌಟ್ ಮತ್ತು ಸಂಗಡಿಗರು ಮೂರು ವಾರ ಮನೆಯಲ್ಲೇ ಹೀಗೆ ನಡೆಸಿ, ವೇಗವೂ ಹೆಜ್ಜೆಯ ಉದ್ದವೂ ಹೆಚ್ಚಿದ್ದನ್ನು 1996ರಲ್ಲಿ ತೋರಿಸಿದರು.

ಗುಳಿಗೆಯ ಪ್ರಭಾವ ಚೆನ್ನಾಗಿರುವ ಹೊತ್ತು ನೋಡಿ, ಚಪ್ಪಟೆ ಅಂಗಳದಲ್ಲಿ ಅವರನ್ನು ಮಾಮೂಲಿನಂತೆ ನಡೆಸಿ ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. ಮೊಬೈಲಿನಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೋನೋಮ್ ಆ್ಯಪನ್ನು ಅಷ್ಟಕ್ಕೇ ಇಡಿ. ಕೆಲವು ದಿನ ಅದೇ ವೇಗದಲ್ಲಿ ನಡೆದು ಹೊಂದಿಕೆಯಾದ ಮೇಲೆ ನೂರಕ್ಕೆ ಐದರಷ್ಟು ಮಾತ್ರ ಏರಿಸಿ. ಭಜನೆಯ ತಾಳ ಹಿಡಿದು ನೀವೇ ಪಕ್ಕದಲ್ಲಿ ನಡೆದರೆ ಇನ್ನೂ ಒಳ್ಳೆಯದು, ಬಿದ್ದರೆ ಹಿಡಿಯಲು ಇನ್ನೊಬ್ಬರಿರಲಿ. ಆದಿತಾಳದಂಥ ಚತುರಶ್ರ ನಡೆಯನ್ನೇ, ಎಂದರೆ ನಾಲ್ಕರ ಎಣಿಕೆಯನ್ನೇ ಬಳಸಿ. ತಿಶ್ರ, ಖಂಡ ಬೇಡ. ಮೂರು, ಐದರ ಎಣಿಕೆಯಲ್ಲಿ ಪೆಟ್ಟು ಒಮ್ಮೆ ಬಲಗಾಲಿಗೆ, ಒಮ್ಮೆ ಎಡಗಾಲಿಗೆ ಬಿದ್ದು ಗೊಂದಲವಾಗುತ್ತದೆ. ಕಾಲು ಅಂಟಿದಾಗ ಎಳೆಯಬೇಡಿ. ನಿಂತಲ್ಲೇ 'ಒಂದು ಎರಡು ಮೂರು ನಾಲ್ಕು' ಎಂದು ಜೋರಾಗಿ ಎಣಿಸಿ, ಮುಂದಿನ 'ಒಂದು' ಬಿದ್ದಾಗ ಹೆಜ್ಜೆ ಎತ್ತಿಸಿ.

ಸೋತ ಬಲಗೈಗೆ ಹಾರ್ಮೋನಿಯಂ

ಬೆರಳು ಸ್ವಲ್ಪವಾದರೂ ಆಡುತ್ತಿದ್ದರೆ ಮಾತ್ರ ಇದು. 2007ರಲ್ಲಿ ಜರ್ಮನಿಯಲ್ಲಿ ಎಲೆಕ್ಟ್ರಾನಿಕ್ ಪಿಯಾನೋ ಮತ್ತು ಡ್ರಮ್ ಬಳಸಿ ಮೂರು ವಾರ ಇಂಥ ಅಭ್ಯಾಸ ಕೊಟ್ಟಾಗ ಕೈಯ ಚುರುಕು ಹೆಚ್ಚಿದ್ದು ಕಂಡಿತ್ತು. ಒತ್ತಿದ್ದು ಸರಿಯೋ ತಪ್ಪೋ ಎಂದು ಕಿವಿ ಕೂಡಲೇ ಹೇಳುವುದರಿಂದ ಮಿದುಳು ಬೆರಳನ್ನು ತಿದ್ದಿಕೊಳ್ಳುತ್ತದೆ. ನಮ್ಮಲ್ಲಿ ಹಾರ್ಮೋನಿಯಂ ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಗಟ್ಟಿಯಿರುವ ಎಡಗೈ ತಿದಿ ಒತ್ತುತ್ತದೆ, ಬಲಗೈಗೆ ಮನೆಗಳು, ಎಂದರೆ ಸ್ವರ ನುಡಿಸಲು ಒತ್ತುವ ಪಟ್ಟಿಗಳು. ಪೆಟ್ಟಿಗೆಯನ್ನು ಮೊಣಕೈ ಎತ್ತರಕ್ಕೆ ಮೇಜಿನ ಮೇಲಿಡಿ. ಹೆಬ್ಬೆರಳಿನಿಂದ ಷಡ್ಜ, ಆಮೇಲೆ ಒಂದೊಂದೇ ಬೆರಳು ಸೇರಿಸುತ್ತ ಸ ರಿ ಗ ಮ ಪ, ವಾಪಸ್ಸು. ಭುಜ ಎತ್ತಿ ಒತ್ತುತ್ತಿದ್ದರೆ ನಿಲ್ಲಿಸಿ ಫಿಜಿಯೋ ಅವರನ್ನು ಕೇಳಿ.

ಕೊನೆಯದಾಗಿ, ಒಂದು ನೋಟ್‌ಬುಕ್ ಇಡಿ. ದಿನಾಂಕ, ಯಾವ ಮಾತು, ಯಾವ ಹಂತದವರೆಗೆ ಬಂತು, ಯಾರು ಕೇಳಿದಾಗ ಬಂತು, ಇಷ್ಟು ಸಾಕು. ಒಂದು ಮಾತು ಪಾಠದ ಹೊತ್ತಲ್ಲದೆ ಬೇರೆ ಹೊತ್ತಿನಲ್ಲಿ ತಾನಾಗಿ ಬಂದ ದಿನ ಅದರ ಸುತ್ತ ಒಂದು ಗೆರೆ ಎಳೆದು ಪಟ್ಟಿಯಿಂದ ತೆಗೆದು, ಅದೇ ಮಾತ್ರೆಯ ಹೊಸ ಮಾತು ಸೇರಿಸಿ. ಥೆರಪಿಸ್ಟ್ ಹತ್ತಿರ ಹೋಗುವಾಗ ಆ ಪುಸ್ತಕ ಕೊಂಡೊಯ್ದು ತೋರಿಸಿ. ಮುಂದೆ ಯಾವ ಮಾತು ಎಂದು ಅವರೇ ಅದನ್ನು ನೋಡಿ ಹೇಳುತ್ತಾರೆ.